ಮುಂದಿನ ಎಡ ಚಕ್ರ ಬಿಸಿಯಾಗುತ್ತಿದೆ: ಬ್ರೇಕ್ ಹೋಸ್ ಬದಲಿಸಿದವರು ಅನುಭವ ಹೇಳಿ

ಹಾಸನದಿಂದ

ನಮ್ಮದು 12 ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಸ್ವಲ್ಪ ದೂರ ಓಡಿಸಿದರೂ ಮುಂದಿನ ಎಡ ಚಕ್ರ ಕಾದು ಸುಟ್ಟ ವಾಸನೆ ಬರುತ್ತದೆ. ಗ್ಯಾರೇಜಿನವರು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬದಲಿಸಿ ಅಂದರು. ಸ್ನೇಹಿತರೊಬ್ಬರು ಅದಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸ್ ನೋಡಿಸಿ ಅಂತಾರೆ. ಹೊರಗಿನಿಂದ ಹೋಸ್ ಚೆನ್ನಾಗಿಯೇ ಇದೆ. ಶಿರಾಡಿ ಘಾಟಿ ಇಳಿಯುವ ಕೆಲಸವಿದೆ, ಮನೆಯವರೆಲ್ಲ ಜೊತೆಗಿರುತ್ತಾರೆ. ಯಾವುದಕ್ಕೆ ಕೈ ಹಾಕಲಿ?

ತುಮಕೂರಿನಿಂದ

ಈಗಲೇ ಕ್ಯಾಲಿಪರ್‌ಗೆ ದುಡ್ಡು ಹಾಕಬೇಡಿ ಸರ್. ಹೊರಗೆ ಚೆನ್ನಾಗಿ ಕಂಡರೂ ಹೋಸ್ ಒಳಗೆ ಕೆಟ್ಟಿರಬಹುದು. ಒಳಗೊಂದು ರಬ್ಬರ್ ಪೈಪು, ಅದರ ಸುತ್ತ ನೂಲಿನ ಹೆಣಿಗೆ, ಮೇಲೆ ಮತ್ತೆ ರಬ್ಬರ್. ವಯಸ್ಸಾದಂತೆ ಒಳಗಿನ ರಬ್ಬರ್ ಊದಿಕೊಳ್ಳುತ್ತದೆ, ಇಲ್ಲವೇ ಸೀಳಿದ ಚೂರು ದಾರಿಗೆ ಅಡ್ಡ ನಿಲ್ಲುತ್ತದೆ. ಪೆಡಲ್ ಒತ್ತಿದ ಜೋರಿಗೆ ಬ್ರೇಕ್ ಆಯಿಲ್ ಕ್ಯಾಲಿಪರ್‌ಗೆ ಹೋಗಿಬಿಡುತ್ತದೆ. ಕಾಲು ತೆಗೆದಾಗ ವಾಪಸ್ ಬರಲು ಜೋರು ಸಾಲದು. ಪ್ಯಾಡ್ ಡಿಸ್ಕನ್ನು ಕಚ್ಚಿಕೊಂಡೇ ಇರುತ್ತದೆ.

ಓಡಿಸುವಾಗಲೇ ಗಮನಿಸಿ. ಬ್ರೇಕ್ ಹಾಕಿದ ಕ್ಷಣ ಗಾಡಿ ಬಲಕ್ಕೆ ಎಳೆದು, ಕಾಲು ತೆಗೆದ ಮೇಲೆ ಎಡಕ್ಕೆ ಎಳೆಯುತ್ತದೆಯಾ? ಹಾಗಿದ್ದರೆ ಎಡಗಡೆಯ ಹೋಸ್ ಮೇಲೆ ಜಾಸ್ತಿ ಅನುಮಾನ ಪಡಿ. ಎಡಕ್ಕೆ ಒತ್ತಡ ತಡವಾಗಿ ಹೋಗಿ, ತಡವಾಗಿ ಇಳಿಯುತ್ತಿದೆ ಅಂತ ಅರ್ಥ.

ಖಚಿತ ಮಾಡಿಕೊಳ್ಳುವುದು ಹೀಗೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದೆ ಜಾಕಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕಿ ನಂಬಬೇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಒಬ್ಬರು ಬ್ರೇಕ್ ಒತ್ತಿ ಬಿಡಲಿ, ನೀವು ಚಕ್ರ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರ್ ಮೇಲಿನ ಬ್ಲೀಡ್ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ, ಕಣ್ಣಿಗೆ ಕನ್ನಡಕ ಇರಲಿ. ಪಿಚಕ್ಕನೆ ಆಯಿಲ್ ಚಿಮ್ಮಿ ಚಕ್ರ ಹಗುರವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಆಗಲೂ ಬಿಗಿ ಇದ್ದರೆ ಕ್ಯಾಲಿಪರ್ ಪಿಸ್ಟನ್ನೋ ಸ್ಲೈಡ್ ಪಿನ್ನೋ ಜಾಮ್ ಆಗಿದೆ, ಗ್ಯಾರೇಜಿನವರ ಮಾತು ಸರಿ. ಒತ್ತಡ ಸಿಕ್ಕಿದ್ದರೆ ನಿಪ್ಪಲ್ ಬಿಗಿ ಮಾಡಿ ಮತ್ತೊಮ್ಮೆ ಬ್ರೇಕ್ ಒತ್ತಿ ಬಿಡಿಸಿ. ಈಗ ಹೋಸ್‌ನ ಮೇಲಿನ ತುದಿಗೆ ಲೋಹದ ಪೈಪು ಸೇರುವ ನಟ್ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ತೊಂದರೆ ಇನ್ನೂ ಮೇಲೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ. ಬಿಡದಿದ್ದರೆ ಹೋಸೇ. ಇದಾದ ಮೇಲೆ ಬ್ಲೀಡ್ ಮಾಡದೆ, ಅಂದರೆ ಒಳಗೆ ಸೇರಿದ ಗಾಳಿ ಹೊರಹಾಕದೆ, ಗಾಡಿ ತೆಗೆಯಬೇಡಿ.

ಹಾಸನದಿಂದ

ಇವತ್ತು ಅಣ್ಣನನ್ನು ಕೂರಿಸಿಕೊಂಡು ನೋಡಿದೆ. ನಿಪ್ಪಲ್ ಬಿಡಿಸಿದ ಕೂಡಲೇ ಚಕ್ರ ಹಗುರ. ಮೇಲಿನ ನಟ್ ಸಡಿಲಿಸಿದಾಗ ಏನೂ ಆಗಲಿಲ್ಲ. ಹೋಸೇ ಅಂತಾಯಿತು. ಎಡಗಡೆಯದ್ದು ಮಾತ್ರ ಹಾಕಿದರೆ ಸಾಕಾ?

ಮಂಗಳೂರಿನಿಂದ

ಸಾಲದು. ಮುಂದಿನ ಎರಡೂ ಒಟ್ಟಿಗೆ ಹಾಕಿ. ಎರಡಕ್ಕೂ ಒಂದೇ ವಯಸ್ಸು ಅಲ್ವಾ? ಹಿಂದಿನದನ್ನೂ ಸೋಪು ನೀರಲ್ಲಿ ಒರೆಸಿ, ಬಗ್ಗಿಸಿ, ಟಾರ್ಚ್ ಹಿಡಿದು ನೋಡಿ. ಲೋಹದ ತುದಿ ರಬ್ಬರನ್ನು ಹಿಡಿದಿರುವ ಜಾಗದಲ್ಲೇ ಬಿರುಕು ಮತ್ತು ಜಿನುಗು ಮೊದಲು ಕಾಣುವುದು. ಅಲ್ಲಿ ಒದ್ದೆ ಇದ್ದರೆ, ನೂಲು ಕಂಡರೆ ಅಥವಾ ಬ್ರೇಕ್ ಒತ್ತಿದಾಗ ಹೋಸ್ ಉಬ್ಬಿದರೆ ಬದಲಿಸಲೇಬೇಕು.

ನಮ್ಮ ಕರಾವಳಿಯಲ್ಲಿ ತುಕ್ಕಿನ ಕಾಟ. ಆ ಲೋಹದ ಪೈಪಿನ ನಟ್ ಮೆತ್ತಗಿರುತ್ತದೆ. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಪೈಪನ್ನೇ ಬದಲಿಸುವ ಖರ್ಚು. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ತನ್ನಿ. ಇನ್ನೊಂದು ಸ್ಪ್ಯಾನರ್‌ನಲ್ಲಿ ಹೋಸ್‌ನ ತುದಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಪೈಪು ತಿರುಚುತ್ತದೆ. ಬಿಚ್ಚುವ ಮೊದಲು ಪೆಡಲನ್ನು ಒಂದು ಇಂಚಿನಷ್ಟು ಕೆಳಗೊತ್ತಿ ಕೋಲು ಕೊಟ್ಟು ನಿಲ್ಲಿಸಿದರೆ ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಆಯಿಲೆಲ್ಲ ಸೋರಿ ಹೋಗುವುದಿಲ್ಲ.

ಕ್ಯಾಲಿಪರ್ ಕಡೆ ಬ್ಯಾಂಜೊ ಬೋಲ್ಟ್ (ಆಯಿಲ್ ಹಾಯಲು ಒಳಗೆ ತೂತಿರುವ ಬೋಲ್ಟ್) ಇದ್ದರೆ ಎರಡೂ ಬದಿಯ ತಾಮ್ರದ ವಾಷರ್ ಹೊಸದೇ ಹಾಕಿ. ಹಳೆಯದು ಆಗಲೇ ಚಪ್ಪಟೆಯಾಗಿರುತ್ತದೆ, ಎಷ್ಟು ಬಿಗಿದರೂ ಜಿನುಗುತ್ತದೆ. ಹೊಸ ಹೋಸ್ ಮೇಲೆ ಉದ್ದಕ್ಕೂ ಗೆರೆಯೋ ಅಕ್ಷರವೋ ಇರುತ್ತದೆ. ಅದು ನೇರವಾಗಿದ್ದರೆ ಹೋಸ್ ತಿರುಚಿಲ್ಲ. ಸುತ್ತಿಕೊಂಡು ಹೋಗಿದ್ದರೆ ಬಿಚ್ಚಿ ಮತ್ತೆ ಹಾಕಿ. ಆಮೇಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ನೇತಾಡುವಾಗಲೂ ಕೆಳಗಿಳಿಸಿದ ಮೇಲೂ ನೋಡಿ. ಟೈರಿಗೆ ತಾಗಬಾರದು, ಎಳೆದು ಬಿಗಿಯಾಗಲೂಬಾರದು. ಇನ್ನೊಂದು ಮಾತು, ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸ್‌ನಲ್ಲೇ ನೇತುಹಾಕುವುದನ್ನು ತುಂಬ ಕಡೆ ನೋಡಿದ್ದೇನೆ. ದಯವಿಟ್ಟು ತಂತಿ ಕಟ್ಟಿಸಿ. ಒಳಗಿನ ರಬ್ಬರ್ ಹರಿಯುವುದು ಹೀಗೇ.

ಮಡಿಕೇರಿಯಿಂದ

ಆಯಿಲ್ ಬಗ್ಗೆ ಯಾರೂ ಹೇಳಲಿಲ್ಲ. ಹೇಗೂ ಬ್ಲೀಡ್ ಮಾಡಲೇಬೇಕು, ಪೂರ್ತಿ ಹೊಸದೇ ತುಂಬಿಸಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಆಯಿಲ್‌ನ ದರ್ಜೆ ಬರೆದಿರುತ್ತದೆ, ಅದನ್ನೇ ಹಾಕಿ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯುವಂತಿಲ್ಲ. ತೇವ ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಕುದಿದು ಗುಳ್ಳೆ ಬಂದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಬ್ಲೀಡ್ ಮಾಡುವಾಗ ಪೆಡಲನ್ನು ತಳದವರೆಗೆ ತುಳಿಯಬೇಡಿ, ಹಳೆಯ ಮಾಸ್ಟರ್ ಸಿಲಿಂಡರ್‌ನ ಸೀಲು ಹಾಳಾಗುತ್ತದೆ. ಕೆಳಗೊಂದು ಮರದ ತುಂಡು ಇಡಿ. ಡಬ್ಬಿ ಖಾಲಿಯಾಗಲು ಬಿಡಬೇಡಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಗಾಳಿ ಒಳಗೆ ಹೋದರೆ ಸ್ಕ್ಯಾನರ್ ಇರುವ ಕಡೆ ಒಯ್ಯಬೇಕಾಗಬಹುದು. ಪೇಂಟ್ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ. ರಬ್ಬರ್ ಭಾಗಕ್ಕೆ ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸಲೇಬೇಡಿ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಒಬ್ಬರು ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಪ್ರತಿ ಜಾಯಿಂಟನ್ನೂ ಬಿಳಿ ಕಾಗದದಲ್ಲಿ ಒರೆಸಿ ನೋಡಿ. ಪೆಡಲ್ ಮೆಲ್ಲಗೆ ಇಳಿಯುತ್ತಿದ್ದರೆ ಗಾಡಿ ಹೊರಗೆ ತೆಗೆಯಬೇಡಿ. ಸರಿ ಇದ್ದರೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಎರಡೂ ಕಡೆ ಒಂದೇ ಥರ ಇದ್ದರೆ ಮಾತ್ರ ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯಿರಿ.