ಹಡಗಿನಲ್ಲಿ ಸುವಾರ್ತೆಯನ್ನು ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ (ಹಡಗಿನ ಎಂಜಿನಿಯರ್):

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಮಂಗಳೂರಿನವನು, ಸರಕು ಹಡಗೊಂದರಲ್ಲಿ ಸೆಕೆಂಡ್ ಎಂಜಿನಿಯರ್ ಆಗಿದ್ದೇನೆ. ನಾವು 22 ಮಂದಿ ಇದ್ದೇವೆ. ನಮ್ಮಲ್ಲಿ ಹಿಂದೂಗಳು, ಮುಸ್ಲಿಮರು, ಫಿಲಿಪೀನ್ಸಿನ ಕಥೋಲಿಕರು, ಯಾವ ದೇವರನ್ನೂ ನಂಬದವರು ಎಲ್ಲರೂ ಇದ್ದಾರೆ. ಲೋಕಕ್ಕೆಲ್ಲ ಹೋಗಿ ಸುವಾರ್ತೆ ಸಾರಬೇಕೆಂಬ ಕರ್ತನ ಅಪ್ಪಣೆಯನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದವನಾದ್ದರಿಂದ, ಕಳೆದ ತಿಂಗಳು ರಾತ್ರಿಯ ವಾಚಿನಲ್ಲಿ, ಅಂದರೆ ಎಂಜಿನ್ ಕೋಣೆಯ ಪಾಳಿಯಲ್ಲಿ, ನನ್ನ ಕೈಕೆಳಗಿನ ಆಯಿಲರ್ (ಯಂತ್ರಗಳಿಗೆ ಎಣ್ಣೆ ಹಾಕುವ) ಹುಡುಗನೊಂದಿಗೆ ಯೇಸುವಿನ ವಿಷಯವನ್ನು ಬಹಳ ಹೊತ್ತು ಮಾತಾಡಿದೆ. ಅವನು ತಲೆಯಾಡಿಸುತ್ತ ಕೇಳಿದ. ಆದರೆ ಮರುದಿನದಿಂದ ಕೆಲಸದ ಮಾತನ್ನು ಬಿಟ್ಟು ನನ್ನೊಂದಿಗೆ ಬೇರೇನನ್ನೂ ಆಡುತ್ತಿಲ್ಲ. ನಾನು ತಪ್ಪಿದ್ದು ಎಲ್ಲಿ? ಇನ್ನು ಸುಮ್ಮನಿದ್ದುಬಿಟ್ಟರೆ ಅದು ಅಪ್ಪಣೆಯನ್ನು ಮೀರಿದಂತಾಗುವುದಿಲ್ಲವೇ?

ಉತ್ತರ 1 (ನಿವೃತ್ತ ಕ್ಯಾಪ್ಟನ್):

ಸಹೋದರರೇ, ನೀವು ಆಡಿದ ಮಾತಿನಲ್ಲಿ ತಪ್ಪಿರಲಿಲ್ಲ, ಆಡಿದ ಜಾಗದಲ್ಲಿತ್ತು. ದಡದಲ್ಲಿ ಕೇಳಲು ಮನಸ್ಸಿಲ್ಲದವನು ಎದ್ದು ಮನೆಗೆ ಹೋಗಬಹುದು. ವಾಚಿನಲ್ಲಿರುವ ಹುಡುಗನು ಎಲ್ಲಿಗೆ ಹೋದಾನು? ಅವನ ಓವರ್‌ಟೈಮಿನ ಲೆಕ್ಕಕ್ಕೆ ಸಹಿ ಹಾಕುವವರೂ ಅವನ ಕೆಲಸದ ವರದಿ ಬರೆಯುವವರೂ ನೀವೇ ಆಗಿರುವಾಗ, ಅವನು ತಲೆಯಾಡಿಸಿದ್ದು ಒಪ್ಪಿಗೆಯಿಂದಲೋ ಭಯದಿಂದಲೋ ಎಂದು ನಿಮಗೆ ತಿಳಿಯುವ ದಾರಿಯೇ ಇಲ್ಲ.

ಸತ್ಯವೇದದ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 27ನೆಯ ಅಧ್ಯಾಯವನ್ನು ದಯವಿಟ್ಟು ನಾವಿಕನ ಕಣ್ಣಿನಿಂದ ಮತ್ತೊಮ್ಮೆ ಓದಿರಿ. ಅಪೊಸ್ತಲ ಪೌಲನು ಅಲ್ಲಿ ಬರುವ ಹಡಗಿನಲ್ಲಿ ಅಧಿಕಾರಿಯಲ್ಲ, ರೋಮಿಗೆ ಒಯ್ಯಲ್ಪಡುತ್ತಿದ್ದ ಕೈದಿ. ಪ್ರಯಾಣ ಮುಂದುವರಿಸಿದರೆ ಕೇಡಾಗುವುದೆಂದು ಅವನು ಹೇಳಿದ ಮಾತನ್ನು ಕೈದಿಗಳ ಹೊಣೆ ಹೊತ್ತಿದ್ದ ಶತಾಧಿಪತಿ ಕೇಳಲಿಲ್ಲ. ಬಿರುಗಾಳಿ ಹೊಡೆದು, ಅನೇಕ ದಿನ ಸೂರ್ಯನಾಗಲಿ ನಕ್ಷತ್ರಗಳಾಗಲಿ ಕಾಣದೆ, ಸರಕನ್ನೂ ಹಡಗಿನ ಸಾಮಗ್ರಿಯನ್ನೂ ಸಮುದ್ರಕ್ಕೆ ಎಸೆದು, ಹದಿನಾಲ್ಕನೆಯ ರಾತ್ರಿ ಆಳ ನೋಡಿದಾಗ ಮೊದಲು 20 ಮಾರು, ಸ್ವಲ್ಪ ಮುಂದೆ 15 ಮಾರು ಸಿಕ್ಕಿತು. ಕತ್ತಲಲ್ಲಿ ಆಳವು ಹಾಗೆ ಕಡಿಮೆಯಾಗುತ್ತ ಬಂದರೆ ಎದೆಯಲ್ಲಿ ಏನಾಗುತ್ತದೆಂಬುದು ಸಮುದ್ರದಲ್ಲಿ ದುಡಿದವರಿಗೆ ಗೊತ್ತು. ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಬಿಟ್ಟು ಬೆಳಗಾಗುವುದನ್ನೇ ಕಾಯುತ್ತಿದ್ದ ಆ ಹೊತ್ತಿನಲ್ಲಿ ಪೌಲನು ಮಾಡಿದ್ದೇನು? ಎಲ್ಲರೂ ಊಟ ಮಾಡಬೇಕೆಂದು ಬೇಡಿಕೊಂಡನು. ರೊಟ್ಟಿಯನ್ನು ತೆಗೆದುಕೊಂಡು ಎಲ್ಲರ ಮುಂದೆ ದೇವರ ಸ್ತೋತ್ರ ಮಾಡಿ, ಮುರಿದು ತಿಂದನು. 276 ಮಂದಿಯೂ ಧೈರ್ಯ ತಂದುಕೊಂಡು ಉಂಡರು. ತಾನು ಯಾರವನು, ಯಾರನ್ನು ಸೇವಿಸುವವನು ಎಂಬುದನ್ನು ಅವನು ಮುಚ್ಚಿಡಲಿಲ್ಲ, ಆದರೆ ಅದನ್ನು ಒಂದೇ ವಾಕ್ಯದಲ್ಲಿ ಹೇಳಿದನು. ಆ ಹಡಗಿನಲ್ಲಿ ಇಂಥವನು ನಂಬಿದನೆಂದು ಗ್ರಂಥವು ಎಲ್ಲಿಯೂ ಹೇಳುವುದಿಲ್ಲ. ಮುಂದೆ ಮಾಲ್ಟಾ ದ್ವೀಪದಲ್ಲಿ, ಮಳೆ ಚಳಿಯಲ್ಲಿ ಬೆಂಕಿಗೆಂದು ಕಟ್ಟಿಗೆ ಕೂಡಿಸುತ್ತಿದ್ದವನೂ ಇದೇ ಪೌಲನು.

ಉತ್ತರ 2 (ಬಂದರಿನಲ್ಲಿ ಸೇವೆ ಮಾಡುವವಳು):

ಕ್ಯಾಪ್ಟನ್ ಅವರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಪಣಂಬೂರಿನಲ್ಲಿ ಹಡಗು ಹತ್ತಿದಾಗ ನಮ್ಮ ಚೀಲದಲ್ಲಿ ಸತ್ಯವೇದದ ಪ್ರತಿಗಳಿರುತ್ತವೆ. ಆದರೆ ನಾವು ಮೊದಲು ಕೇಳುವುದು ಮನೆಗೆ ಫೋನು ಮಾಡಿ ಎಷ್ಟು ದಿನವಾಯಿತೆಂದು. ಪುಸ್ತಕಗಳನ್ನು ಮೆಸ್ಸಿನ ಮೇಜಿನ ಮೇಲೆ ಇಟ್ಟು ಬರುತ್ತೇವೆ, ಬೇಕಾದವರು ತೆಗೆದುಕೊಳ್ಳುತ್ತಾರೆ. ಮಸೀದಿಗೆ ಹೋಗಬೇಕೆಂದವರಿಗೆ ದಾರಿ ತೋರಿಸುತ್ತೇವೆ. ಇದರಿಂದ ನಮ್ಮ ಸಾಕ್ಷಿಗೆ ಕುಂದಾಗುತ್ತದೆಂದು ನನಗೆ ಎಂದೂ ಅನಿಸಿಲ್ಲ. 1856ರಲ್ಲಿ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ನರೂ 1920ರಲ್ಲಿ ಗ್ಲಾಸ್ಗೋದಲ್ಲಿ ಕಥೋಲಿಕರೂ ಆರಂಭಿಸಿದ ನಾವಿಕರ ಸೇವೆಗಳು ಇಂದಿಗೂ ಯಾವ ಧರ್ಮದ ನಾವಿಕನಿಗಾದರೂ ನೆರವಾಗುತ್ತವೆ.

ಉತ್ತರ 3 (ಸಭಾ ಇತಿಹಾಸದ ಓದುಗ):

ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಸೇವೆಯ ಹೆಸರಿನಲ್ಲಿ ನಾವು ಬಾಯಿ ಕಟ್ಟಿಕೊಂಡು ಕುಳಿತುಬಿಡಬಾರದು. 1736ರ ಜನವರಿಯಲ್ಲಿ, ಮುಂದೆ ಮೆಥಡಿಸ್ಟ್ ಚಳವಳಿಯ ನಾಯಕನಾದ ಜಾನ್ ವೆಸ್ಲಿ ಅಮೆರಿಕದ ಜಾರ್ಜಿಯಾಕ್ಕೆ ಬೋಧಕನಾಗಿ ಹೋಗುತ್ತಿದ್ದ ಹಡಗಿನಲ್ಲಿ ಜರ್ಮನಿಯಿಂದ ಬಂದ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಕುಟುಂಬಗಳೂ ಇದ್ದವು. ಬೇರೆ ಪ್ರಯಾಣಿಕರು ಮಾಡಲೊಲ್ಲದ ಕೀಳು ಕೆಲಸಗಳನ್ನು ಅವರು ಹಣ ತೆಗೆದುಕೊಳ್ಳದೆ ಮಾಡುತ್ತಿದ್ದರು. ಅವರು ಕೀರ್ತನೆ ಹಾಡಿ ಆರಾಧನೆ ಆರಂಭಿಸುತ್ತಿದ್ದಾಗಲೇ ಅಲೆಯೊಂದು ಅಪ್ಪಳಿಸಿ ದೊಡ್ಡ ಹಾಯಿಯನ್ನು ಚೂರುಚೂರು ಮಾಡಿತು. ಇತರರು ಚೀರಿಕೊಂಡರು, ಇವರು ಹಾಡುತ್ತಲೇ ಇದ್ದರು. ಆಮೇಲೆ ವೆಸ್ಲಿ ತಾನಾಗಿ ಹೋಗಿ, ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ಒಬ್ಬನನ್ನು ಕೇಳಿದನು. ಇಲ್ಲ, ನಮ್ಮ ಹೆಂಗಸರೂ ಮಕ್ಕಳೂ ಸಾಯುವುದಕ್ಕೆ ಹೆದರುವುದಿಲ್ಲ ಎಂದು ಅವನು ಉತ್ತರಿಸಿದನು. ಅವರು ಸದ್ದಡಗಿಸಿ ಪ್ರಾರ್ಥಿಸಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಕೇಳಿದಾಗ ಉತ್ತರವಿಲ್ಲದಿದ್ದರೆ ಪ್ರಶ್ನೆಯಿಂದ ಪ್ರಯೋಜನವೂ ಇರುತ್ತಿರಲಿಲ್ಲ. ಊಟಕ್ಕೆ ಮುಂಚೆ ಎಲ್ಲರಿಗೂ ಕಾಣುವಂತೆ ಪ್ರಾರ್ಥನೆ ಮಾಡಿರಿ, ಭಾನುವಾರ ನಿಮ್ಮ ಕ್ಯಾಬಿನ್ನಿನಲ್ಲಿ ಹಾಡಿರಿ, ಯಾರಾದರೂ ಕಾರಣ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿರಿ. ಪೇತ್ರನು ತನ್ನ ಮೊದಲ ಪತ್ರಿಕೆಯಲ್ಲಿ ಹೇಳಿರುವುದೂ ನಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಲು ಸಿದ್ಧರಾಗಿರಬೇಕೆಂದೇ.

ಪ್ರಶ್ನೆ ಕೇಳಿದವರು:

ಮೂವರಿಗೂ ಋಣಿಯಾಗಿದ್ದೇನೆ. ಓವರ್‌ಟೈಮಿನ ಸಹಿಯ ಮಾತು ನನ್ನನ್ನು ಚುಚ್ಚಿತು, ಏಕೆಂದರೆ ಅದು ನನ್ನ ಮನಸ್ಸಿಗೆ ಬಂದಿರಲೇ ಇಲ್ಲ. ಇಂದು ಬೆಳಗ್ಗೆ ಆ ಹುಡುಗನನ್ನು ಕಂಡು, ಅಂದು ನಿನಗೆ ಎದ್ದುಹೋಗಲು ಅವಕಾಶವಿರಲಿಲ್ಲ, ಕ್ಷಮಿಸು ಎಂದು ಹೇಳಿದೆ. ಅವನ ತಾಯಿ ಆಸ್ಪತ್ರೆಯಲ್ಲಿರುವ ವಿಷಯ ಆಗ ತಿಳಿಯಿತು. ಶುಕ್ರವಾರ ಸಿಂಗಾಪುರ ಮುಟ್ಟುತ್ತೇವೆ; ಅವನು ದಡಕ್ಕೆ ಹೋಗಿ ಮನೆಯವರೊಂದಿಗೆ ನಿಶ್ಚಿಂತೆಯಾಗಿ ಮಾತಾಡಿ ಬರಲೆಂದು ಅವನ ಪಾಲಿನ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಆ ತಾಯಿಗಾಗಿ ನೀವೂ ಪ್ರಾರ್ಥಿಸಿರಿ.