ಮೇ ತಿಂಗಳಲ್ಲಿ ಕರಾವಳಿಗೆ ಕಾರಿನ ಪ್ರಯಾಣ: ಐದು ಮಂದಿ, ಐದು ದಿನ, 30,000 ರೂಪಾಯಿ ಸಾಕಾಗುತ್ತದೆಯೇ?

ಪ್ರಶ್ನೆ: ತುಮಕೂರು ರಸ್ತೆಯವನು

ನಮಸ್ಕಾರ. ಮೇ ತಿಂಗಳ ಎರಡನೆಯ ವಾರದಲ್ಲಿ ಬೆಂಗಳೂರಿನಿಂದ ನಮ್ಮದೇ ಕಾರಿನಲ್ಲಿ ಕರಾವಳಿಗೆ ಹೋಗಿಬರಬೇಕೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ನಾನು, ಪತ್ನಿ, 14 ವರ್ಷದ ಮಗಳು, 9 ವರ್ಷದ ಮಗ ಮತ್ತು 68 ವರ್ಷದ ನನ್ನ ತಾಯಿ, ಹೀಗೆ ಒಟ್ಟು ಐದು ಮಂದಿ. ಐದು ದಿನ, ನಾಲ್ಕು ರಾತ್ರಿ. ಪೆಟ್ರೋಲಿನಿಂದ ಹಿಡಿದು ಮಕ್ಕಳ ಐಸ್‌ಕ್ರೀಮಿನವರೆಗೆ ಎಲ್ಲವೂ ಸೇರಿ 30,000 ರೂಪಾಯಿಯೊಳಗೆ ಮುಗಿಯಬೇಕು. ಜೂನ್‌ನಲ್ಲಿ ಶಾಲೆಯ ಶುಲ್ಕ ಕಟ್ಟಬೇಕಾಗಿರುವುದರಿಂದ ಈ ಮಿತಿಯನ್ನು ಸಡಿಲಿಸಲು ಸಾಧ್ಯವಿಲ್ಲ.

ನಾನು ಹಾಕಿಕೊಂಡಿರುವ ದಾರಿ ಹೀಗಿದೆ: ಬೆಂಗಳೂರಿನಿಂದ ದಾಂಡೇಲಿ, ಅಲ್ಲಿಂದ ಗೋವಾ, ಆಮೇಲೆ ಗೋಕರ್ಣ, ಉಡುಪಿ, ಮಂಗಳೂರು, ಶಿರಾಡಿ ಘಾಟಿಯ ಮೂಲಕ ಮರಳಿ ಬೆಂಗಳೂರು. ಮಗಳಿಗೆ ನೀರಿನ ಸಾಹಸ ಕ್ರೀಡೆ ಯಾವುದಾದರೂ ಒಂದನ್ನು ಮಾಡಲೇಬೇಕೆಂಬ ಆಸೆ. ಮಗನಿಗೆ ಸಮುದ್ರವೊಂದಿದ್ದರೆ ಸಾಕು. ತಾಯಿಯವರು ಸಸ್ಯಾಹಾರಿ, ನಾವು ನಾಲ್ವರು ಮೀನು ತಿನ್ನುತ್ತೇವೆ. ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ. ಈ ಯೋಜನೆ ಈ ಹಣಕ್ಕೆ ಹೊಂದುತ್ತದೆಯೇ, ಎಲ್ಲಿ ಬದಲಿಸಬೇಕು ಎಂಬುದನ್ನು ಆ ಕಡೆಯವರು ಅಥವಾ ಅಲ್ಲಿ ಓಡಾಡಿದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ಕುಂದಾಪುರದವಳು

ನಿಮ್ಮ ದಾರಿಯನ್ನು ನಕ್ಷೆಯಲ್ಲಿಟ್ಟು ಲೆಕ್ಕ ಹಾಕಿದೆ. ಊರೊಳಗಿನ ಓಡಾಟವೂ ಸೇರಿದರೆ 1,500 ಕಿ.ಮೀ. ಹತ್ತಿರ ಬರುತ್ತದೆ, ಅದರಲ್ಲಿ ಪ್ರತಿದಿನವೂ ಗಂಟುಮೂಟೆ ಕಟ್ಟಿ ಹೊಸ ಊರಿನಲ್ಲಿ ಕೋಣೆ ಹುಡುಕಬೇಕಾಗುತ್ತದೆ. ಮೇ ತಿಂಗಳ ಕರಾವಳಿಯ ಸೆಕೆ ಬೆಂಗಳೂರಿನ ಬಿಸಿಲಿನಂಥದ್ದಲ್ಲ. ನೆರಳಿನಲ್ಲಿ ಕುಳಿತರೂ ಬೆವರು ಆರುವುದಿಲ್ಲ. ನಿಮ್ಮ ತಾಯಿಯವರು ಅಂಥ ಸೆಕೆಯಲ್ಲಿ ದಿನಕ್ಕೆ ಆರು ತಾಸು ಕಾರಿನಲ್ಲಿ ಕುಳಿತಿರಬೇಕಾಗುತ್ತದೆ ಎಂಬುದನ್ನು ಮೊದಲು ಯೋಚಿಸಿ. ಆದ್ದರಿಂದ ಗೋವಾವನ್ನೂ ದಾಂಡೇಲಿಯನ್ನೂ ಈ ಸಲಕ್ಕೆ ಕೈಬಿಡಿ ಎಂದು ನೇರವಾಗಿಯೇ ಹೇಳುತ್ತೇನೆ. ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿರುವುದರಿಂದ ಅಷ್ಟು ದೂರ ಹೋಗಿಯೂ ಆ ದಿನ ನೀರಿಲ್ಲವೆಂದು ಮರಳಬೇಕಾಗಬಹುದು.

ಇದರ ಬದಲು ಎರಡೇ ಕಡೆ ತಂಗಿ. ಮೊದಲ ಎರಡು ರಾತ್ರಿ ಉಡುಪಿ–ಮಲ್ಪೆಯ ಸುತ್ತ, ಮುಂದಿನ ಎರಡು ರಾತ್ರಿ ಹೊನ್ನಾವರ ಅಥವಾ ಗೋಕರ್ಣದಲ್ಲಿ. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ, ಬಿ.ಸಿ. ರೋಡ್ ಮೂಲಕ ಉಡುಪಿಗೆ ಸುಮಾರು 400 ಕಿ.ಮೀ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಬಿಸಿಲೇರುವ ಮೊದಲೇ ಘಾಟಿ ಇಳಿದಿರುತ್ತೀರಿ. ಉಡುಪಿಯಿಂದ ಗೋಕರ್ಣದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ 180 ಕಿ.ಮೀ. ಆಸುಪಾಸು, ಅಷ್ಟೇ. ಬರುವಾಗ ಅದೇ ದಾರಿಯನ್ನು ಹಿಡಿಯಬೇಡಿ: ಹೊನ್ನಾವರದಿಂದ ಶರಾವತಿಯ ಕಣಿವೆಯಲ್ಲಿ ಗೇರುಸೊಪ್ಪೆ, ಜೋಗ, ಸಾಗರ, ಶಿವಮೊಗ್ಗದ ಮೇಲೆ ಬನ್ನಿ. ಮೇ ತಿಂಗಳಲ್ಲಿ ಜೋಗದಲ್ಲಿ ನೀರು ಎಳೆಯಷ್ಟೇ ಇರುತ್ತದೆ, ಅದಕ್ಕಾಗಿ ನಿಲ್ಲಬೇಕಾಗಿಲ್ಲ; ಆದರೆ ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ತಂಪಿನಲ್ಲಿ ಅರ್ಧ ತಾಸು ಕುಳಿತರೆ ಉಳಿದ ದಾರಿ ಸುಲಭವಾಗುತ್ತದೆ. ಎಲ್ಲ ಸೇರಿ 1,200 ಕಿ.ಮೀ. ಮೀರುವುದಿಲ್ಲ, ಎಂದರೆ 80 ಲೀಟರ್ ಪೆಟ್ರೋಲ್, ಎಂಟು ಸಾವಿರದ ಚಿಲ್ಲರೆ ರೂಪಾಯಿ.

ದಾರಿಯಲ್ಲಿ ಒಂದು ಜಾಗವನ್ನು ಮಾತ್ರ ಅವಸರದಲ್ಲಿ ದಾಟಬೇಡಿ. ಕುಂದಾಪುರ ದಾಟಿದ ಮೇಲೆ ಮರವಂತೆಯಲ್ಲಿ ಹೆದ್ದಾರಿಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ. ಸಂಜೆ ಐದೂವರೆಯ ನಂತರ ನಿಂತರೆ ಒಂದು ಕಿವಿಯಲ್ಲಿ ಅಲೆಯ ಮೊರೆತ, ಇನ್ನೊಂದು ಬದಿಯಲ್ಲಿ ಹೊಳೆಯ ನೀರು ಅಲುಗದೆ ತೆಂಗಿನ ತೋಟದ ನೆರಳನ್ನು ಹೊತ್ತು ಮಲಗಿರುತ್ತದೆ. ನಾನು ಹುಟ್ಟಿದಾಗಿನಿಂದ ನೋಡಿದ ಜಾಗ, ಇಂದಿಗೂ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಕಡೆಯ ಸೀಟನ್ನೇ ಹುಡುಕುತ್ತೇನೆ. ಇದಕ್ಕೆ ಒಂದು ರೂಪಾಯಿಯ ಟಿಕೇಟೂ ಇಲ್ಲ. ಅಲ್ಲಿ ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಹೆಚ್ಚು.

ಉತ್ತರ 2: ಶರಾವತಿ ಅಳಿವೆ

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮಗಳ ಸಾಹಸದ ಆಸೆಯ ಬಗ್ಗೆ ಮಾತ್ರ ನಾನು ಬರೆಯುತ್ತೇನೆ.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಕರೆದೊಯ್ಯುತ್ತಾರೆ. ಅನುಭವ ನಿಜಕ್ಕೂ ದೊಡ್ಡದು, ಆದರೆ ತಲೆಗೆ ನಾಲ್ಕು ಸಾವಿರದ ಮೇಲೆ ಖರ್ಚಾಗುತ್ತದೆ. ದೋಣಿಯಲ್ಲಿ ಹೋಗುವುದಕ್ಕೇ ಒಂದೂವರೆ ತಾಸಿನಷ್ಟು ಬೇಕು. ಮಗಳೊಬ್ಬಳನ್ನೇ ಕಳುಹಿಸಲಾಗದೆ ನೀವೂ ಹೋದರೆ ನಿಮ್ಮ ಒಟ್ಟು ಹಣದ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ಬೆಳಗಿನಲ್ಲಿ ಮುಗಿಯುತ್ತದೆ. ಅದಕ್ಕಿಂತ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರಿದ್ದಾರೆ, ಅಲ್ಲಿ ಒಂದು ಪಾಠಕ್ಕೆ ಸೇರಿಸಿ. ಉಡುಪಿಯಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಮರಳಬಹುದು. ಅಥವಾ ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ನಡೆಸಲಿ. ಸಮುದ್ರದ ಇಳಿತದ ಹೊತ್ತಿನಲ್ಲಿ ಆ ಗಿಡಗಳ ಬೇರುಗಳು ಕೆಸರಿನಿಂದ ಬೆರಳುಗಳಂತೆ ಮೇಲೆದ್ದಿರುತ್ತವೆ, ಅವುಗಳ ಮಧ್ಯೆ ಕೆಂಪು ಕಾಲಿನ ಏಡಿಗಳು ಓಡಾಡುತ್ತಿರುತ್ತವೆ. ಕಾಂಡ್ಲಾ ವನದೊಳಗೆ ಮರದ ಹಲಗೆಯ ಕಾಲುದಾರಿಯೂ ಇರುವುದರಿಂದ ನಿಮ್ಮ ತಾಯಿಯವರೂ ಅದನ್ನು ನಡೆದೇ ನೋಡಬಹುದು. ಗೋಕರ್ಣದ ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್ ಬೀಚ್‌ವರೆಗಿನ ಗುಡ್ಡದ ಕಾಲುಹಾದಿಗೆ ಖರ್ಚೇ ಇಲ್ಲ. ಬೆಳಿಗ್ಗೆ ಆರಕ್ಕೆ ಹೊರಡಿ, ತಲೆಗೆ ಎರಡು ಲೀಟರ್ ನೀರಿರಲಿ, ಒಂಬತ್ತರೊಳಗೆ ಮರಳಿ.

ಈಜುವ ವಿಷಯದಲ್ಲಿ ನನ್ನದೊಂದು ಬೇಡಿಕೆಯಿದೆ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗ ಸಂಜೆಯ ಹೊತ್ತು ಹೊಳೆ ಸಮುದ್ರವನ್ನು ಸೇರುವ ಅಳಿವೆಯ ಬಳಿ ಸೊಂಟದಷ್ಟು ನೀರಿನಲ್ಲಿ ನಿಂತಿದ್ದ. ಇಳಿತ ಆರಂಭವಾಗಿತ್ತು. ಕಾಲಡಿಯ ಮರಳು ಜಾರಿದ್ದೇ ತಡ, ನಾವು ನೋಡುತ್ತಿರುವಂತೆಯೇ ಅವನು ನಲವತ್ತು ಮಾರು ಆಚೆ ಹೋಗಿದ್ದ. ಬಲೆ ಸರಿಪಡಿಸುತ್ತಿದ್ದ ಇಬ್ಬರು ಮೀನುಗಾರರು ಪಾತಿದೋಣಿಯಲ್ಲಿ ಹೋಗಿ ಅವನನ್ನು ಎತ್ತಿ ತಂದರು. ಅಂದಿನಿಂದ ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತೇನೆ: ಅಳಿವೆಯ ಹತ್ತಿರ ನೀರಿಗೆ ಇಳಿಯಬೇಡಿ, ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರವಾಗಿ ಈಜಲು ಹೋಗಬೇಡಿ, ದಣಿಯುತ್ತೀರಿ; ದಡಕ್ಕೆ ಸಮಾನಾಂತರವಾಗಿ ಈಜುತ್ತಾ ಅದರಿಂದ ಹೊರಗೆ ಬನ್ನಿ. ಮಗ ನೀರಿಗಿಳಿಯಬೇಕೆಂದರೆ ಪಡುಬಿದ್ರಿಯ ಅಥವಾ ಹೊನ್ನಾವರದ ಕಾಸರಕೋಡಿನ ಬ್ಲೂ ಫ್ಲ್ಯಾಗ್ (ಸ್ವಚ್ಛತೆ, ಸುರಕ್ಷತೆಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಕಡಲತೀರಕ್ಕೆ ಕರೆದೊಯ್ಯಿರಿ. ಎರಡಕ್ಕೂ 2020ರಲ್ಲಿ ಆ ಮಾನ್ಯತೆ ದೊರೆತಿದೆ. ಅಲ್ಲಿ ಜೀವರಕ್ಷಕರಿರುತ್ತಾರೆ, ಸ್ವಚ್ಛವಾದ ಶೌಚಾಲಯ, ಬಟ್ಟೆ ಬದಲಿಸಲು ಕೋಣೆಗಳಿವೆ. ನಿಮ್ಮ ಪತ್ನಿಗೂ ತಾಯಿಯವರಿಗೂ ಇದೇ ದೊಡ್ಡ ಅನುಕೂಲ.

ಮೇ 15ರ ನಂತರ ಬರಬೇಡಿ. ಮಳೆಗಾಲಕ್ಕೆ ಮೊದಲೇ ಕಡಲು ಏಳತೊಡಗುತ್ತದೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಯಾವ ದಿನವಾದರೂ ನಿಲ್ಲಬಹುದು. ಲಾವಾರಸ ತಣಿದು ಕಂಬಗಳಂತೆ ನಿಂತ ಅಲ್ಲಿನ ಶಿಲೆಗಳನ್ನು ಮಕ್ಕಳು ನೋಡಲೇಬೇಕು.

ಉತ್ತರ 3: ಮನೆಯೂಟ

ಊಟ ಮತ್ತು ವಸತಿಯ ಲೆಕ್ಕವನ್ನು ನಾನು ಕೊಡುತ್ತೇನೆ. ನಾವು ಆರು ಮಂದಿ ಎರಡು ಬೇಸಿಗೆಗಳಲ್ಲಿ ಇದೇ ದಾರಿಯಲ್ಲಿ ಓಡಾಡಿದ್ದೇವೆ.

ಎರಡು ಕೋಣೆಗಳನ್ನು ಹಿಡಿದರೆ ನಾಲ್ಕು ರಾತ್ರಿಗೆ ಹನ್ನೆರಡು ಸಾವಿರ ಹೋಗುತ್ತದೆ. ಅದರ ಬದಲು ಸಮುದ್ರದಿಂದ ಒಂದೆರಡು ಕಿ.ಮೀ. ಒಳಗೆ, ಐದು ಮಂದಿಗೆ ಒಂದೇ ದೊಡ್ಡ ಕೋಣೆ ಕೊಡುವ ಹೋಮ್‌ಸ್ಟೇ ಅಥವಾ ಸಾಧಾರಣ ವಸತಿಗೃಹವನ್ನು ವಾರದ ನಡುವಿನ ದಿನಗಳಿಗೆ ಕೇಳಿದರೆ ಎರಡು ಸಾವಿರದ ಆಸುಪಾಸಿನಲ್ಲಿ ನಮಗೆ ಸಿಕ್ಕಿತ್ತು. ಶನಿವಾರ, ಭಾನುವಾರ ಅದೇ ಕೋಣೆಯ ದರ ಏರುತ್ತದೆ, ಆದ್ದರಿಂದ ಸೋಮವಾರ ಹೊರಟು ಶುಕ್ರವಾರ ಮರಳಿ.

ಊಟದಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ, ಅದರ ಅಗತ್ಯವೂ ಇಲ್ಲ. ಬೆಳಗಿನ ತಿಂಡಿಗೆ ಬನ್ಸ್, ಗೋಳಿಬಜೆ, ನೀರುದೋಸೆ ಸಣ್ಣ ಹೋಟೆಲುಗಳಲ್ಲೇ ರುಚಿ. ಮಧ್ಯಾಹ್ನ ಉಡುಪಿಯ ಕೃಷ್ಣ ಮಠದ ಭೋಜನಶಾಲೆಯಲ್ಲಿ ಒಂದು ದಿನ ಎಲ್ಲರೂ ಪ್ರಸಾದದ ಊಟ ಮಾಡಿ, ತಾಯಿಯವರಿಗೆ ಅದಕ್ಕಿಂತ ಸಂತೋಷ ಬೇರೆ ಇರಲಾರದು. ಮೀನೂಟದ ಹೋಟೆಲಿನಲ್ಲಿ ಒಂದು ಎಚ್ಚರಿಕೆ: ಕುಚ್ಚಲಕ್ಕಿ ಅನ್ನ, ಮೀನುಸಾರಿನ ಊಟ ಅಗ್ಗ, ಬಿಲ್ಲು ಏರುವುದು ಜತೆಗೆ ತರಿಸುವ ಫ್ರೈಯಿಂದ. ಅಂಜಲ್, ಮಾಂಜಿ, ಕಾಣೆಯ ಬೆಲೆ ಗಾತ್ರಕ್ಕೆ ತಕ್ಕಂತೆ ಇರುವುದರಿಂದ ತಟ್ಟೆ ಬರುವ ಮೊದಲೇ ಕೇಳಿಕೊಳ್ಳಿ. ನಾವು ಬಂಗುಡೆಯನ್ನೇ ತರಿಸುತ್ತೇವೆ. ಬಾಳೆ ಎಲೆಯ ತುದಿಗೆ ಅಂಟಿದ ಕೆಂಪು ಮಸಾಲೆಯನ್ನು ಬೆರಳಿನಿಂದ ಬಳಿದು ಅನ್ನಕ್ಕೆ ಕಲಸಿಕೊಳ್ಳುವ ನನ್ನ ಮಗ ಅಂಜಲ್ ಬೇಕೆಂದು ಇದುವರೆಗೆ ಕೇಳಿಲ್ಲ. ಜೂನ್ 1ರಿಂದ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಎರಡು ತಿಂಗಳ ನಿಷೇಧವಿರುವುದರಿಂದ ಮೇ ತಿಂಗಳೇ ತಾಜಾ ಮೀನಿಗೆ ಕೊನೆಯ ಅವಕಾಶ. ಬಾಯಾರಿಕೆಗೆ ಪುನರ್ಪುಳಿ ಶರಬತ್ತು ಕುಡಿಯಿರಿ, ಗೋಕರ್ಣದ ಕಡೆ ಹೋದಾಗ ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು ಕಂಡರೆ ಬಿಡಬೇಡಿ.

ಹೀಗೆ ನೋಡಿದರೆ ಪೆಟ್ರೋಲಿಗೆ 8,200, ವಸತಿಗೆ 8,500, ಊಟ ತಿಂಡಿಗೆ ತಲೆಗೆ ದಿನಕ್ಕೆ 260ರಂತೆ 6,500, ಟೋಲಿಗೆ 1,500, ಒಟ್ಟು 24,700. ಮಿಕ್ಕ 5,300ರಲ್ಲಿ ಎರಡು ಸಾವಿರವನ್ನು ಪಂಕ್ಚರು, ಔಷಧಿ ಎಂದು ತೆಗೆದಿಟ್ಟು ಉಳಿದದ್ದನ್ನು ದೋಣಿಗೂ ಮಗಳ ಕ್ರೀಡೆಗೂ ಬಳಸಿ. ವರ್ಷದಲ್ಲಿ ಹಲವು ಸಲ ಕಾರಿನಲ್ಲಿ ಊರಿಗೆ ಹೋಗುವವರಾದರೆ ಫಾಸ್ಟ್ಯಾಗ್ ವಾರ್ಷಿಕ ಪಾಸನ್ನು ಪರಿಶೀಲಿಸಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಆರಂಭವಾದ ಆ ಪಾಸಿನಲ್ಲಿ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯವರೆಗೆ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳನ್ನು ದಾಟಬಹುದು.

ಪ್ರಶ್ನೆ ಕೇಳಿದವರಿಂದ: ತುಮಕೂರು ರಸ್ತೆಯವನು

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಎಲ್ಲರೂ ಕುಳಿತು ಇದನ್ನು ಓದಿದೆವು. ಗೋವಾ ಬಿಟ್ಟದ್ದಕ್ಕೆ ಮಗಳು ಮೊದಲು ಮುಖ ಸಣ್ಣದು ಮಾಡಿಕೊಂಡಳಾದರೂ ಸರ್ಫಿಂಗ್ ಪಾಠದ ಮಾತು ಬಂದ ಮೇಲೆ ಅವಳೇ ಮೂಲ್ಕಿಗೆ ದೂರವಾಣಿ ಮಾಡಿ ವಿಚಾರಿಸುತ್ತಿದ್ದಾಳೆ. ಸೋಮವಾರ ಹೊರಡುತ್ತೇವೆ, ಉಡುಪಿಯಲ್ಲಿ ಎರಡು ರಾತ್ರಿ, ಹೊನ್ನಾವರದಲ್ಲಿ ಎರಡು ರಾತ್ರಿ. ತಾಯಿಯವರು ಒಂದು ಪ್ರಶ್ನೆ ಕೇಳಿಸಿದ್ದಾರೆ: ಆ ದಿನಗಳಲ್ಲಿ ಯಕ್ಷಗಾನ ನೋಡಲು ಸಿಗುತ್ತದೆಯೇ?

ಉತ್ತರ 4: ಕುಂದಾಪುರದವಳು

ಖಂಡಿತ ಸಿಗುತ್ತದೆ. ದೇವಸ್ಥಾನದ ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ತುಳುನಾಡಿನ ಪತ್ತನಾಜೆ ಎಂಬ ದಿನದವರೆಗೆ, ಎಂದರೆ ಮೇ 24ರ ಸುಮಾರಿನವರೆಗೆ ನಡೆಯುತ್ತಿರುತ್ತದೆ. ಯಕ್ಷಗಾನಕ್ಕೆ ಇಲ್ಲಿ ಆಟ ಎನ್ನುತ್ತೇವೆ; ಹರಕೆ ಹೊತ್ತವರು ಆಡಿಸುವ ಆಟಗಳಿಗೆ ಟಿಕೇಟು ಇರುವುದಿಲ್ಲ, ಊರವರಲ್ಲದಿದ್ದರೂ ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ಉಡುಪಿಗೆ ಬಂದ ದಿನ ನೀವು ತಂಗುವ ಮನೆಯವರಲ್ಲಿ ‘ಇವತ್ತು ಹತ್ತಿರದಲ್ಲಿ ಆಟ ಎಲ್ಲಿದೆ’ ಎಂದು ಕೇಳಿ, ಅವರಿಗೆ ಗೊತ್ತಿರುತ್ತದೆ. ತಾಯಿಯವರಿಗೆ ನೆಲದಲ್ಲಿ ಕೂರುವುದು ಕಷ್ಟವಾದರೆ ಮಡಚುವ ಕುರ್ಚಿಯೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಬನ್ನಿ, ಕಡಲತೀರದಲ್ಲೂ ಅದು ಉಪಯೋಗಕ್ಕೆ ಬರುತ್ತದೆ.