ಮರು: ‘ಅಪ್‌ಸ್ಟ್ರೀಮ್’ಗೆ ಕನ್ನಡ? ಹಳ್ಳದ ಬೋರ್ಡಿಗೆ ತುರ್ತಾಗಿ ಬೇಕು

ಶಾಲೆ ಮಕ್ಕಳು ಹಳ್ಳದ ಮೂರು ಕಡೆ ನೀರೊಳಗಿನ ಹುಳು ಹುಡುಕಿ ಹೋಲಿಸಲು ಬೋರ್ಡು ಹಾಕುತ್ತಿದ್ದೀರಿ, ಅದಕ್ಕೆ ‘ಅಪ್‌ಸ್ಟ್ರೀಮ್’ಗೆ, ಅಂದರೆ ನೀರು ಹರಿದು ಬರುವ ಕಡೆಗೆ, ಕನ್ನಡ ಪದ ಕೇಳಿದ್ದೀರಿ. ಬೋರ್ಡು ಸೋಮವಾರ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ. ಮೂರು ಬೋರ್ಡಿಗೆ ‘ಹಳ್ಳ ಹುಟ್ಟುವಲ್ಲಿ’, ‘ತೋಟದ ಕೆಳಗೆ’, ‘ಹೊಳೆ ಸೇರುವಲ್ಲಿ’ ಅಂತ ಹಾಕಿ. ‘ಮೇಲ್ದಂಡೆ’ ಬೇಡ. ‘ಮೇಲ್ಭಾಗ’ ಬೇಡವೇ ಬೇಡ. ‘ಊರ್ಧ್ವಪ್ರವಾಹ’ ಅಂದರೆ ನೀರು ಮೇಲಕ್ಕೆ ಹರಿದಂತೆ ಆಗುತ್ತದೆ, ಅದನ್ನು ಬಿಟ್ಟುಬಿಡಿ.

ದಂಡೆ ಅಂದರೆ ದಡ. ಕೃಷ್ಣಾ ಮೇಲ್ದಂಡೆ, ಭದ್ರಾ ಮೇಲ್ದಂಡೆ ಅಂತ ಯೋಜನೆಗಳಿಗೆ ಹೆಸರಿಟ್ಟ ಮೇಲೆ ಆ ಪದ ಪೇಪರಿನಲ್ಲಿ ಬೇರೂರಿದೆ, ನಿಜ. ಆದರೆ ನೀವು ಹುಳು ಹುಡುಕುವುದು ದಡದಲ್ಲಲ್ಲ, ನೀರೊಳಗೆ. ‘ಮೇಲ್ಭಾಗ’ದ ಗೊಂದಲ ಇನ್ನೂ ಜಾಸ್ತಿ. ಹೋದ ಬೇಸಿಗೆಯಲ್ಲಿ ಅಣ್ಣನ ಮಗಳಿಗೆ ‘ಹಳ್ಳದ ಮೇಲ್ಭಾಗದ ಹುಳು ಎಣಿಸು’ ಅಂದೆ. ಅವಳು ನಿಂತಲ್ಲೇ ಬಗ್ಗಿ, ನೀರಿನ ಮೇಲೆ ಜಾರುವ ಉದ್ದ ಕಾಲಿನ ಹುಳುಗಳನ್ನು ಎಣಿಸಿದಳು. ಕನ್ನಡ ಬಲ್ಲ ಯಾರಾದರೂ ಹಾಗೇ ಮಾಡುತ್ತಾರೆ.

ಬೋರ್ಡಿಗೆ ಅಂದುಕೊಂಡ ‘ಜಲಕೀಟ ವೈವಿಧ್ಯ’ ಸಂಸ್ಕೃತ ಅಂತ ಈ ಚರ್ಚೆಯಲ್ಲಿ ಇಬ್ಬರ ತಕರಾರು. ನನ್ನ ತಕರಾರು ಬೇರೆ. ಕೀಟ ಅಂದ ಕೂಡಲೇ ತೋಟದವರಿಗೆ ನೆನಪಾಗುವುದು ಕೀಟನಾಶಕ. ಈ ಹುಳುಗಳೋ ಬಗೆಬಗೆಯಾಗಿದ್ದರೆ ಹಳ್ಳ ಚೆನ್ನಾಗಿದೆ ಅಂತ ಸಾಕ್ಷಿ ಹೇಳುವವು. ‘ನೀರುಹುಳು ಎಷ್ಟು ಬಗೆ?’ ಅಂತ ಬರೆಯಿರಿ. ‘ಬಗೆ’ ಮುಖ್ಯ. ‘ಎಷ್ಟು ಹುಳು’ ಅಂದರೆ ಅರ್ಥವೇ ತಿರುಗುತ್ತದೆ. ಬಚ್ಚಲು ನೀರು ಸೇರುವ ಕೆಸರಿನಲ್ಲಿ ರಕ್ತದ ಬಣ್ಣದ ಸಣ್ಣ ಹುಳುಗಳು ರಾಶಿ ರಾಶಿ ಇರುತ್ತವೆ. ಅವಕ್ಕೆ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಆಕ್ಸಿಜನ್ ಕಡಿಮೆಯಾದರೂ ಬದುಕುತ್ತವೆ. ಎಣಿಸಿದರೆ ಸಾವಿರ, ಬಗೆ ಮಾತ್ರ ಒಂದೋ ಎರಡೋ.

‘ನಿಂಫ್’ಗೆ, ಅಂದರೆ ರೆಕ್ಕೆ ಬಲಿಯದ ಹುಳುಮರಿಗೆ, ಕೃಷಿ ಬರಹಗಳಲ್ಲಿ ಬರುವ ‘ಅಪ್ಸರೆ’ಯನ್ನು ಒಬ್ಬರು ಹಾಸ್ಯಾಸ್ಪದ ಅಂದರು. ನಾನು ಒಪ್ಪುವುದಿಲ್ಲ. ‘ಅಪ್’ ಅಂದರೆ ನೀರು, ನೀರಲ್ಲಿ ಸರಿಯುವವಳು ಅಪ್ಸರೆ. ಭತ್ತದ ಜಿಗಿಹುಳುವಿನ ಮರಿಗೆ ಅದು ಹೊಂದುವುದಿಲ್ಲ. ಮೇಫ್ಲೈ ಅನ್ನುವ ಹುಳುವಿನ ನೀರಲ್ಲಿ ಬೆಳೆಯುವ ಮರಿಗೆ ಹೊಂದುತ್ತದೆ. ಹಳ್ಳದ ಕಲ್ಲು ಮಗುಚಿ ನೋಡಿ: ಚಪ್ಪಟೆ ಮೈ, ಹಿಂದೆ ಮೂರು ಕೂದಲಿನಂಥ ಬಾಲ, ಹೊಟ್ಟೆಯ ಎರಡೂ ಪಕ್ಕ ಪಟಪಟ ಬಡಿಯುವ ಕಿವಿರು. ಆದರೂ ಬೋರ್ಡಿಗೆ ‘ಮರಿ’ ಸಾಕು, ಓದುವವರು ಶಾಲೆ ಮಕ್ಕಳು ಅಲ್ವಾ? ಲಾರ್ವಾಕ್ಕೆ ಹೇಳುವ ‘ಡಿಂಭ’ ಪಾಠದ ಪುಸ್ತಕದಲ್ಲೇ ಇರಲಿ.

ಇಂಗ್ಲಿಷ್ ಪದ ಎರವಲು ತರಬೇಕೇ ಬೇಡವೇ ಅನ್ನುವ ಜಗಳಕ್ಕೆ ಒಂದೇ ಮಾತು. ಮೇಫ್ಲೈಯನ್ನು ಹಾಗೇ ಬಿಡಿ. ಸುಮ್ನೆ ‘ಮೇ ನೊಣ’ ಅಂತ ಮಾಡಬೇಡಿ. ನಮ್ಮ ಹಳ್ಳದಲ್ಲಿ ಅದಕ್ಕೂ ಮೇ ತಿಂಗಳಿಗೂ ನಂಟಿಲ್ಲ, ಅದು ನೊಣವೂ ಅಲ್ಲ. ಮರಳಿನ ಕಾಳು ಅಂಟಿಸಿ ಕೊಳವೆ ಕಟ್ಟಿಕೊಂಡು ಒಳಗಿರುವ, ಕ್ಯಾಡಿಸ್ ಅನ್ನುವ ಹುಳುವಿನ ಮರಿಗೆ ಮಾತ್ರ ‘ಮರಳುಗೂಡಿನ ಹುಳು’ ಅನ್ನಬಹುದು. ಕಂಡದ್ದಕ್ಕೆ ಇಟ್ಟ ಹೆಸರು ನಿಲ್ಲುತ್ತದೆ.

ಇನ್ನೊಂದು. ‘ಪೂಲ್’ಗೆ ಮಡು ಇದೆ. ‘ರಿಫಲ್’ಗೆ, ಅಂದರೆ ಕಲ್ಲುಗಳ ಮೇಲೆ ತೆಳ್ಳಗೆ, ರಭಸವಾಗಿ ನೀರು ಹರಿಯುವ ಜಾಗಕ್ಕೆ, ನಾನು ‘ಕಲ್ಲುಹರಿವು’ ಅನ್ನುತ್ತಿದ್ದೇನೆ. ಈ ಪದ ಬೋರ್ಡಿನಲ್ಲಿ ಬರಲೇಬೇಕು. ಒಂದು ಕಡೆ ಮಡುವಿನಲ್ಲಿ, ಇನ್ನೊಂದು ಕಡೆ ಕಲ್ಲುಹರಿವಿನಲ್ಲಿ ಬಲೆ ಹಾಕಿ ಹೋಲಿಸಿದರೆ ಸಿಗುವುದು ಜಾಗದ ವ್ಯತ್ಯಾಸ, ನೀರಿನ ಗುಣದ್ದಲ್ಲ. ಕಲ್ಲುಹರಿವಿಗೆ ನಿಮ್ಮೂರಲ್ಲಿ ಬೇರೆ ಹೆಸರಿದ್ದರೆ ಭಾನುವಾರದೊಳಗೆ ಬರೆಯಿರಿ. ನಿಘಂಟಿನದು ಬೇಡ. ಹಳ್ಳದಲ್ಲಿ ಏಡಿ ಹಿಡಿಯುವವರ ಬಾಯಲ್ಲಿರುವುದು ಬೇಕು.